ಠಸ್ಸೆ ಸಾಹೇಬರು ದುರಂತ ತಪ್ಪಿಸಿದ್ದು

ಓದದ ಪುಸ್ತಕದ ಮೇಲೆ ಭಾಷಣ ಮಾಡಿದವರಲ್ಲಿ ಠಸ್ಸೆ ಸಾಹೇಬರು ಮೊದಲಿಗರೇನಲ್ಲ. ಆದರೆ ಅಂಥ ಭಾಷಣಕ್ಕಾಗಿ ಒಬ್ಬ ದರ್ಜಿಯ ಅಂಗಡಿಯಲ್ಲಿ ದಿನಗಟ್ಟಲೆ ಕತ್ತರಿಯೇ ಇಲ್ಲದಂತೆ ಮಾಡಿದವರು ಬಹುಶಃ ಅವರೊಬ್ಬರೇ.

ಸಾಹೇಬರು ಅಂದರೆ ದೊಡ್ಡ ಅಧಿಕಾರಿಯಲ್ಲ. ಅಂಚೆ ಕಚೇರಿಯ ಮೂರನೇ ಕಿಟಕಿಯ ಗುಮಾಸ್ತರು. ಇಪ್ಪತ್ತಾರು ವರ್ಷ ರಿಜಿಸ್ಟರ್ ಪತ್ರಗಳ ಮೇಲೆ ಠಸ್ಸೆ ಒತ್ತಿ ಒತ್ತಿ ಅವರ ಬಲಗೈ ಊಟಕ್ಕೆ ಕೂತಾಗಲೂ ತಟ್ಟೆಯ ಪಕ್ಕ ಎರಡು ಸಲ ಕುಟ್ಟಿಯೇ ತುತ್ತು ಎತ್ತುತ್ತಿತ್ತು. ಬೀದಿಯವರು ಹೆಸರಿಟ್ಟದ್ದು ಅದಕ್ಕೇ.

ಒಂದು ಶನಿವಾರ ಬೀದಿಯ ವಾಚನಾಲಯದ ಗ್ರಂಥಪಾಲಕರು ಕಿಟಕಿಯ ಮುಂದೆ ಬಂದು ನಿಂತರು. ಮುಖ ಬಾಡಿತ್ತು. "ಮುಂದಿನ ಭಾನುವಾರದ ಭಾಷಣಕ್ಕೆ ಬರಬೇಕಾದ ಪ್ರೊಫೆಸರರಿಗೆ ಗಂಟಲು ಕಟ್ಟಿದೆಯಂತೆ. ಎರಡು ಮನೆತನದ ಹಗೆ, ಇಬ್ಬರು ಎಳೆಯರ ಪ್ರೇಮ, ಕೊನೆಗೆ ಸಾವು, ಆ ಹಳೇ ನಾಟಕದ ಮೇಲೆ ಮಾತಾಡ್ಬೇಕಿತ್ತು. ಈ ಬೀದೀಲಿ ಅದನ್ನ ಓದಿದವರು ಯಾರಾದ್ರೂ ಸಿಕ್ತಾರಾ?"

ಸಾಲಿನಲ್ಲಿ ಹಿಂದೆ ನಿಂತಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿಂದ ಕಿಟಕಿಯೊಳಗೆ ಇಣುಕಿ, "ಇಲ್ಲಿ ಯಾರು ಓದಿರ್ತಾರೆ ಬಿಡಿ," ಎಂದರು.

ಆ 'ಇಲ್ಲಿ' ಎಂಬ ಪದ ಸಾಹೇಬರಿಗೆ ನಾಟಿತು. "ಓದೋದೇನು ಬಂತು, ನನಗದು ಬಾಯಿಪಾಠ," ಎಂದುಬಿಟ್ಟರು. ಬಾಯಿಂದ ಹೊರಬಿದ್ದ ಮಾತು ಡಬ್ಬಿಗೆ ಬಿದ್ದ ಕಾಗದದಂತೆ, ಮತ್ತೆ ಕೈಗೆ ಸಿಗುವುದಿಲ್ಲ. ಗ್ರಂಥಪಾಲಕರು ಆಗಲೇ ಅವರ ಹೆಸರು ಬರೆದುಕೊಳ್ಳುತ್ತಿದ್ದರು.

ಸಂಜೆ ಸಾಹೇಬರು ಹಳೆ ಪುಸ್ತಕದ ಅಂಗಡಿಯಿಂದ ಆ ನಾಟಕದ ಗೈಡೊಂದನ್ನು ತಂದರು. ಕಥೆಯ ಭಾಗವನ್ನು ಯಾರೋ ಹರಿದುಕೊಂಡಿದ್ದರು. ಉಳಿದಿದ್ದದ್ದು 'ವಸ್ತು ಮತ್ತು ನೀತಿ' ಎಂಬ ಆರು ಪುಟ.

"ಕಥೇನೇ ಇಲ್ವಲ್ರೀ," ಎಂದರು ಹೆಂಡತಿ.

"ನೀತಿ ಇದ್ಮೇಲೆ ಕಥೆ ಯಾಕೆ? ಸಾರ ಸಿಕ್ಕಿದ ಮೇಲೆ ಸಿಪ್ಪೆ ಯಾರು ತಿಂತಾರೆ."

"ಕೊನೇಲಿ ಅವರಿಬ್ಬರು ಯಾಕೆ ಸಾಯ್ತಾರೆ ಅಂತಾದ್ರೂ ಇದೆಯಾ?"

ಇತ್ತು. ಹಿರಿಯರ ಹಗೆ ಕಿರಿಯರ ಗೋರಿ ಎಂಬುದು ಮೊದಲನೆಯ ನೀತಿ. ಆತುರ ಸಲ್ಲದು ಎಂಬುದು ಎರಡನೆಯದು. ಪ್ರೇಮಿಗಳು ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬುದು ಮೂರನೆಯದು. ನಾಲ್ಕನೆಯದನ್ನು ಓದಿ ಸಾಹೇಬರು ಎದ್ದು ನಿಂತರು: ಸಕಾಲಕ್ಕೆ ತಲುಪದ ಒಂದು ಪತ್ರದಿಂದಾಗಿಯೇ ಇಷ್ಟು ಅನಾಹುತ. ಇಷ್ಟು ದೊಡ್ಡ ನಾಟಕದ ಬುಡದಲ್ಲಿ ಇದ್ದದ್ದು ಅಂಚೆಯ ಲೋಪ. ನಾನು ಆ ಊರಿನ ಕಿಟಕಿಯಲ್ಲಿ ಕೂತಿದ್ದರೆ ಇಬ್ಬರೂ ಬದುಕುತ್ತಿದ್ದರು ಎಂದು ಅವರಿಗೆ ಖಚಿತವಾಯಿತು. ಆರನೇ ಪುಟದ ಕೊನೆಯಲ್ಲಿ ದಪ್ಪಕ್ಷರದ ಸೂಚನೆ ಇತ್ತು: 'ನಿಮ್ಮ ಸುತ್ತಲಿನ ಜೀವನದಿಂದ ನಿದರ್ಶನ ಕೊಡಿ.'

ನಿದರ್ಶನಕ್ಕಾಗಿ ಅವರು ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿದರು. ಎದುರಿಗೆ ಅಂಟಿಕೊಂಡಂತಿದ್ದ ಎರಡು ತಾರಸಿ. ಒಂದು ದರ್ಜಿಯದು, ಇನ್ನೊಂದು ಗಡಿಯಾರ ರಿಪೇರಿಯವರದು. ಒಬ್ಬರ ತಾರಸಿಯ ನೀರು ಇನ್ನೊಬ್ಬರ ಕಡೆ ಹರಿಯುತ್ತದೆಂದು ಹನ್ನೊಂದು ವರ್ಷದಿಂದ ಆ ಎರಡು ಮನೆಗೂ ಮಾತಿಲ್ಲ. ಅಂಥ ತಾರಸಿಯ ಮೇಲೆ, ನಡುವಿನ ಮೋಟುಗೋಡೆಯ ಆಚೀಚೆ, ದರ್ಜಿಯ ಮಗಳೂ ಗಡಿಯಾರದವರ ಮಗನೂ ನಿಂತಿದ್ದರು. ಹುಡುಗಿ ಮುಕ್ಕಾಲಿಯ ಮೇಲಿಟ್ಟ ದುರ್ಬೀನಿನಂಥ ಯಂತ್ರದಲ್ಲಿ ಕಣ್ಣಿಟ್ಟು ಹುಡುಗನನ್ನೇ ನೋಡುತ್ತಿದ್ದಳು. ಹುಡುಗ ಕೆಂಪು ಬಿಳಿ ಪಟ್ಟೆಯ ಕೋಲು ಹಿಡಿದು ಅಲುಗಾಡದೆ ನಿಂತಿದ್ದ. ಇಬ್ಬರ ನಡುವೆ ಇದ್ದದ್ದು ಹದಿನೈದು ಹೆಜ್ಜೆ.

"ಇಷ್ಟು ಹತ್ತಿರ ಇದ್ರೂ ದುರ್ಬೀನು ಹಾಕ್ಕೊಂಡು ನೋಡ್ತಾಳೆ," ಎಂದು ಸಾಹೇಬರು ಪಿಸುಗುಟ್ಟಿದರು. "ಪ್ರೇಮ ಅಂದ್ರೆ ಇದು."

"ಎರಡು ಮೂವತ್ತೈದು," ಎಂದಳು ಹುಡುಗಿ ಮೆಲ್ಲಗೆ. ಹುಡುಗ ಅದನ್ನು ಚೀಟಿಯಲ್ಲಿ ಬರೆದು, ಗೋಡೆಯ ತನಕ ಬಂದು ಮೇಲಿಂದ ಕೊಟ್ಟ. ಸಾಹೇಬರೂ ಗೈಡಿನ ಅಂಚಿನಲ್ಲಿ ಬರೆದುಕೊಂಡರು: 'ಸಂಕೇತ ಭಾಷೆ. 2-35. ಬಹುಶಃ ಓಡಿಹೋಗುವ ಸಮಯ.'

ನಿಜ ಸಂಗತಿ ಬೇರೆ ಇತ್ತು. ಹುಡುಗಿ ಭೂಮಾಪನ ಶಾಲೆಗೆ ಅರ್ಜಿ ಹಾಕಿದ್ದಳು. ಮಗಳು ಹೊಲಿಗೆ ಬಿಟ್ಟು ಪರವೂರಿಗೆ ಹೋಗುತ್ತೇನೆಂದರೆ ಅಪ್ಪ ಒಪ್ಪಲಾರ, ಆಯ್ಕೆಯ ಆದೇಶ ಕೈಗೆ ಬಂದ ಮೇಲೆ ತೋರಿಸೋಣ ಎಂದುಕೊಂಡಿದ್ದಳು. ಆ ಯಂತ್ರ ನೆಲದ ಏರಿಳಿತ ಅಳೆಯುವಂಥದ್ದು, ರಿಪೇರಿಗೆ ಬಂದ ಗಿರಾಕಿಯ ಸ್ವತ್ತು; ಎರಡು ಮೂವತ್ತೈದು ಎಂಬುದು ಪಟ್ಟೆಕೋಲಿನ ಮೇಲೆ ಕಂಡ ಅಳತೆ. ಹುಡುಗ ಅಪ್ಪನಿಗೆ ಹೇಳದೆ ತಾರಸಿಗೆ ಹೊತ್ತು ತಂದು ಅವಳಿಗೆ ಅಭ್ಯಾಸ ಮಾಡಿಸುತ್ತಿದ್ದ. ಇಬ್ಬರಿಗೂ ಬಾಯಿ ಬಿಡುವ ಹಾಗಿರಲಿಲ್ಲ. ಬಾಯಿ ಬಿಡದವರ ಪರವಾಗಿ ಬೀದಿ ತಾನೇ ಮಾತಾಡುತ್ತದೆ.

ನಿದರ್ಶನ ಸಿಕ್ಕಿತು, ಇನ್ನು ಅದು ಸಾಯದಂತೆ ನೋಡಿಕೊಳ್ಳಬೇಕು. ಸೋಮವಾರ ಸಾಹೇಬರು ಕಚೇರಿಯಿಂದ ನೇರ ದರ್ಜಿಯ ಅಂಗಡಿಗೆ ನಡೆದರು. ದರ್ಜಿ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಒಂದು ಕೋಟಿನ ತೋಳು ಕೂಡಿಸುತ್ತಿದ್ದ.

"ನಿಮ್ಮ ಮಗಳು ಬದುಕಬೇಕು ಅಂತ ನಿಮಗೆ ಆಸೆ ಇದೆಯಾ?"

ದರ್ಜಿ ಸೂಜಿಗಳನ್ನು ಒಂದೊಂದಾಗಿ ಹೊರತೆಗೆದ. ನಾಲ್ಕೂ ಬಂದವೋ ಎಂದು ಎಣಿಸಿಕೊಂಡ. "ಏನಾಯ್ತು ಅವಳಿಗೆ?"

"ಇನ್ನೂ ಆಗಿಲ್ಲ. ಪಕ್ಕದ ಮನೆ ಹುಡುಗನ ಮೇಲೆ ಮನಸ್ಸಾಗಿದೆ. ತಾರಸೀಲಿ ನಾನೇ ಕಣ್ಣಾರೆ ನೋಡಿದೆ."

"ಆ ಗಡಿಯಾರದವನ ಮಗನ ಮೇಲಾ? ಹನ್ನೊಂದು ವರ್ಷ ನೀರು ಹರಿಸಿದ್ದು ಸಾಲದು ಅಂತ ಈಗ ಮಗನನ್ನೂ ಹರಿಯಬಿಟ್ನಾ? ಕಾಲು ಮುರೀತೀನಿ."

"ಮುರೀರಿ. ಆಮೇಲೆ ಅಳ್ತಾ ಕೂರ್ತೀರಿ. ದೊಡ್ಡ ದೊಡ್ಡ ಪಂಡಿತರು ಬರೆದಿಟ್ಟಿದ್ದಾರೆ, ವಿರೋಧಿಸಿದ್ರೆ ಗೋರಿ. ಹುಡುಗ ವಿಷ ಕುಡೀತಾನೆ, ಹುಡುಗಿ ಚೂರಿ ಹಾಕ್ಕೊಳ್ತಾಳೆ. ಅಥವಾ ಹುಡುಗಿ ವಿಷ, ಹುಡುಗ ಚೂರಿ. ಅದು ಮುಖ್ಯ ಅಲ್ಲ."

ದರ್ಜಿ ಸ್ಟೂಲಿನ ಮೇಲೆ ಕುಸಿದ. ಸಾಹೇಬರು ಅಲ್ಲಿಂದ ಗಡಿಯಾರದ ಅಂಗಡಿಗೆ ಹೋದರು. ಗಡಿಯಾರದವರು ಅಷ್ಟು ಸುಲಭವಾಗಿ ಕುಸಿಯುವ ಪೈಕಿ ಅಲ್ಲ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಎಲ್ಲವನ್ನೂ ಕೇಳಿದರು.

"ಗೋರಿ ಅಂದ್ರಲ್ಲ, ಎಷ್ಟು?"

"ಒಂದೇ. ಇಬ್ಬರನ್ನೂ ಒಟ್ಟಿಗೇ ಮಲಗಿಸ್ತಾರೆ."

"ಜಾಗ ಯಾರ ಕಡೆಯವರು ಕೊಡ್ಬೇಕು?"

"ಜಾಗದ ಮಾತು ಗೈಡಲ್ಲಿಲ್ಲ."

"ಅದನ್ನ ಮೊದಲೇ ಮಾತಾಡ್ಕೋಬೇಕು. ಆಮೇಲೆ ಆ ದರ್ಜಿ ಅಂಗುಲ ಅಂಗುಲಕ್ಕೂ ತಗಾದೆ ತೆಗೀತಾನೆ," ಎಂದು ಅವರು ಕೈಯಲ್ಲಿದ್ದ ಗಡಿಯಾರದ ಸ್ಪ್ರಿಂಗು ಕೂರಿಸಲು ಹೋದರು. ಅದು ಕೂರಲಿಲ್ಲ, ಹಾರಿ ಗೋಡೆಗೆ ಬಡಿಯಿತು. ಆಗ ಭೂತಗನ್ನಡಿ ತೆಗೆದರು. ಆ ಕಣ್ಣು ಒದ್ದೆಯಾಗಿತ್ತು. "ಒಬ್ಬನೇ ಮಗ," ಎಂದರು.

ಮಂಗಳವಾರ ಸಂಜೆ ಎರಡೂ ಮನೆಯ ಅಪ್ಪಂದಿರು ಸಾಹೇಬರ ಮನೆಯ ಒಂದೇ ಬೆಂಚಿನ ಎರಡು ತುದಿಗೆ ಕೂತರು. ಸಾಹೇಬರು ನಡುವೆ ಕೂತು ಮೊದಲನೆಯ ನೀತಿಯನ್ನು ಎರಡು ಸಲ ಓದಿದರು. ಚಹಾ ಮುಗಿಯುವ ಹೊತ್ತಿಗೆ ಹನ್ನೊಂದು ವರ್ಷದ ಹಗೆ ಮುಗಿದು, ಮದುವೆ ಮುಂದಿನ ತಿಂಗಳು ಎಂದು ನಿಶ್ಚಯವಾಗಿತ್ತು.

"ಮಕ್ಕಳನ್ನ ಒಂದು ಮಾತು ಕೇಳಿದ್ರಾ?" ಎಂದರು ಸಾಹೇಬರ ಹೆಂಡತಿ, ಲೋಟ ಎತ್ತಿಕೊಳ್ಳುತ್ತ.

"ಅವರಿಗೆ ಗೊತ್ತಿರೋದನ್ನೇ ಅವರನ್ನ ಏನು ಕೇಳೋದು?" ಎಂದ ದರ್ಜಿ.

ಮದುವೆಯ ತನಕ ಇಬ್ಬರನ್ನೂ ಜೀವಂತ ಇಡುವುದೇ ದೊಡ್ಡ ಕೆಲಸವಾಯಿತು. ದರ್ಜಿಯ ಹೆಂಡತಿ ತಿಗಣೆ ಔಷಧಿ, ಸೀಮೆಎಣ್ಣೆ, ಕೊನೆಗೆ ಅಂಗಡಿಯ ಎರಡೂ ಕತ್ತರಿಗಳನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದರು.

"ಅಮ್ಮ, ಕತ್ತರಿ ಎಲ್ಲಿ?" ಎಂದಳು ಮಗಳು.

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಕತ್ತರಿ ಯಾಕೆ ಕೇಳ್ತೀಯೇ ನನ್ನ ಕಂದ?"

"ಬಟ್ಟೆ ಕತ್ತರಿಸೋಕೆ."

"ನೀನು ಕೇಳಿದವನ ಜೊತೇನೇ ಮದುವೆ ಮಾಡ್ತೀವಿ. ಕತ್ತರಿ ಮಾತ್ರ ಕೇಳಬೇಡ."

"ನಾನು ಯಾರನ್ನ ಕೇಳಿದೆ?"

ಹುಡುಗಿ ದಂಗಾದಳು. ತನಗೂ ಪಕ್ಕದ ಮನೆಯವನಿಗೂ ಅಂಥದ್ದೇನೂ ಇಲ್ಲವೆಂದು ಅಮ್ಮನಿಗೆ ಹೇಳಿದಳು, ಅಪ್ಪನಿಗೆ ಹೇಳಿದಳು. ಹುಡುಗನೂ ತನ್ನ ಮನೆಯಲ್ಲಿ ಹೇಳಿದ. ಅಪ್ಪಂದಿರು ಓಡೋಡಿ ಸಾಹೇಬರ ಹತ್ತಿರ ಬಂದರೆ ಅವರು ನಗುತ್ತ ಮೂರನೆಯ ನೀತಿ ತೆರೆದು ತೋರಿಸಿದರು. ಗುಟ್ಟು ಬಿಟ್ಟುಕೊಡುವುದಿಲ್ಲ. ಎಷ್ಟು ಗಟ್ಟಿಯಾಗಿ ಇಲ್ಲವೆನ್ನುತ್ತಾರೋ ಪ್ರೇಮ ಅಷ್ಟು ಗಟ್ಟಿ. ಅಂದಿನಿಂದ ಇಬ್ಬರಿಗೂ ಉಸಿರಾಡಲೂ ದಾರಿ ಉಳಿಯಲಿಲ್ಲ. ಮಾತಾಡಿದರೆ ಸಲ್ಲಾಪ, ಮಾತಾಡದಿದ್ದರೆ ವಿರಹ. ತಾರಸಿಗೆ ಹೋಗುವುದನ್ನು ಬಿಟ್ಟರು. ಬೀದಿ ಅದನ್ನು ಪ್ರಣಯಕಲಹವೆಂದು ಕರೆಯಿತು.

ಬುಧವಾರದ ಟಪಾಲಿನಲ್ಲಿ ದರ್ಜಿಯ ಮಗಳ ಹೆಸರಿಗೆ ಒಂದು ರಿಜಿಸ್ಟರ್ ಪತ್ರ ಬಂತು. ಕಳಿಸಿದವರ ವಿಳಾಸದ ಮೇಲೆ ಸರಿಯಾಗಿ ಕಚೇರಿಯ ಠಸ್ಸೆ ಬಿದ್ದು ಮಸಿ ಹರಡಿತ್ತು. ಓದಲು ಸಿಕ್ಕಿದ್ದು '...ಣಾಧಿಕಾರಿ' ಎಂಬ ಬಾಲ ಮಾತ್ರ. ಲೋಕದಲ್ಲಿ ಎಷ್ಟೋ ಬಗೆಯ ಣಾಧಿಕಾರಿಗಳಿದ್ದಾರೆ. ಸಾಹೇಬರಿಗೆ ಹೊಳೆದದ್ದು ಒಬ್ಬರೇ, ವಿವಾಹ ನೋಂದಣಾಧಿಕಾರಿ. "ಕದ್ದು ಮದುವೆ ನೋಂದಾಯಿಸೋಕೆ ಬರೆದಿದ್ದಾರೆ, ಪಾಪ. ಹಿರಿಯರು ಒಪ್ಪಿದ್ದು ಗೊತ್ತಾಗೋ ಮೊದಲೇ."

ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟರೆ ಅದು ದರ್ಜಿಯ ಕೈ ಸೇರುತ್ತದೆ. ಆಮೇಲೆ ರಂಪ. ಸಾಹೇಬರು ರಿಜಿಸ್ಟರಿನಲ್ಲಿ 'ಖುದ್ದಾಗಿ ತಲುಪಿಸಲಾಗುವುದು' ಎಂದು ಬರೆದು ಪತ್ರವನ್ನು ಗೈಡಿನೊಳಗೆ ಇಟ್ಟುಕೊಂಡರು. ಆಗಲೇ ಅವರ ತಲೆಯಲ್ಲಿ ಒಂದು ಭವ್ಯವಾದ ಯೋಚನೆ ಮೂಡಿತು. ಭಾನುವಾರ ವೇದಿಕೆಯ ಮೇಲೆ, ನಾಲ್ಕನೆಯ ನೀತಿ ಹೇಳುವ ಗಳಿಗೆಯಲ್ಲಿ, ಎಲ್ಲರೆದುರು ಈ ಪತ್ರವನ್ನು ಹುಡುಗಿಯ ಕೈಗೆ ಕೊಡುವುದು. ಚಪ್ಪಾಳೆಯ ಸದ್ದು ಅವರಿಗೆ ಬುಧವಾರವೇ ಕೇಳಿಸಿತು.

ಗುರುವಾರ ಹುಡುಗಿ ಕಿಟಕಿಗೆ ಬಂದಳು. "ಮಾಮ, ನನಗೊಂದು ರಿಜಿಸ್ಟರ್ ಬರಬೇಕಿತ್ತು. ಬಂತಾ?"

"ಬರೋದು ಬರೋ ಹೊತ್ತಿಗೆ ಬರುತ್ತೆ ಮಗಳೇ," ಎಂದು ಸಾಹೇಬರು ಕಣ್ಣು ಮಿಟುಕಿಸಿದರು.

ಶುಕ್ರವಾರವೂ ಬಂದಳು, ಶನಿವಾರವೂ ಬಂದಳು. ಶನಿವಾರ ಸುಮ್ಮನೆ ಅವರ ಮುಖ ನೋಡಿ, ಆಯ್ಕೆಯಾಗಲಿಲ್ಲವೆಂದು ತಿಳಿದು, ತಲೆ ತಗ್ಗಿಸಿ ಹೊರಟುಹೋದಳು. ಸಾಹೇಬರು ಇನ್ನೊಂದೇ ದಿನ ತಡೆದುಕೋ ಎಂದು ಮನಸ್ಸಿನಲ್ಲೇ ಹರಸಿ ಮುಂದಿನ ಪಾರ್ಸೆಲಿಗೆ ಠಸ್ಸೆ ಒತ್ತಿದರು.

ಭಾನುವಾರ ಸಂಜೆ ಐದಕ್ಕೆ ವಾಚನಾಲಯದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ನಾಟಕದ ಮೇಲಿನ ಆಸಕ್ತಿಯಿಂದ ಬಂದವರು ಇಬ್ಬರು ಇದ್ದಾರು. ಮಿಕ್ಕವರು ಬಂದದ್ದು ಮುಂದಿನ ಸಾಲಿನಲ್ಲಿ ಕೂರಿಸಿದ್ದ ಜೋಡಿಯನ್ನು ನೋಡಲು. ಜೋಡಿ ಎರಡು ಕುರ್ಚಿಯ ಅಂತರದಲ್ಲಿ ಎರಡು ದಿಕ್ಕು ನೋಡುತ್ತ ಕೂತಿತ್ತು. ಮುಖ್ಯೋಪಾಧ್ಯಾಯಿನಿ ನೋಟ್‌ಬುಕ್ ಬಿಚ್ಚಿ ಕೂತಿದ್ದರು.

ಸಾಹೇಬರು ಮೇಜಿನ ಮೇಲೆ ಎರಡು ಸಲ ಕುಟ್ಟಿ ಶುರು ಮಾಡಿದರು. ಅರ್ಧ ಗಂಟೆಯಲ್ಲಿ ಮೂರು ನೀತಿ ಮುಗಿದವು. ನಡುವೆ ಮುಖ್ಯೋಪಾಧ್ಯಾಯಿನಿ ಎದ್ದು, "ಆ ಹುಡುಗ ಹುಡುಗಿ ಮೊದಲು ಭೇಟಿಯಾದದ್ದು ಎಲ್ಲಿ, ಸ್ವಲ್ಪ ಹೇಳ್ತೀರಾ?" ಎಂದರು.

"ಭೇಟಿ ಮುಖ್ಯ ಅಲ್ಲ ಮೇಡಂ. ಬೇರೆಯಾದದ್ದು ಮುಖ್ಯ."

"ಬೇರೆಯಾದದ್ದು ಎಲ್ಲಿ?"

"ಅದನ್ನೇ ನಾಲ್ಕನೆಯ ನೀತೀಲಿ ಹೇಳ್ತೀನಿ," ಎಂದು ಸಾಹೇಬರು ದನಿ ಏರಿಸಿದರು. "ಒಂದು ಪತ್ರ, ಸಜ್ಜನರೇ. ಒಂದೇ ಒಂದು ಪತ್ರ ಹೊತ್ತಿಗೆ ಸರಿಯಾಗಿ ತಲುಪಿದ್ರೆ ಆ ಎರಡು ಜೀವ ಉಳೀತಿದ್ದವು. ಪರರ ಪತ್ರ ತಡೆದವನು ಕೊಲೆಗಾರನಿಗೆ ಸಮ. ನಮ್ಮ ಬೀದೀಲಿ ಹಾಗಾಗೋಕೆ ನಾನು ಬಿಡಲಿಲ್ಲ. ಬಾ ಮಗಳೇ."

ಸಾಹೇಬರು ಗೈಡಿನೊಳಗಿಂದ ತೆಗೆದುಕೊಟ್ಟ ಲಕೋಟೆಯನ್ನು ಹುಡುಗಿ ಹರಿದು ಓದಿದಳು. ಸಭೆ ಉಸಿರು ಹಿಡಿಯಿತು. ಕಾಗದ ಮುಗಿಸಿ ಅವಳು ಲಕೋಟೆ ತಿರುಗಿಸಿ ಠಸ್ಸೆಯ ದಿನಾಂಕ ನೋಡಿದಳು.

"ಮಾಮ, ಇದು ಬುಧವಾರ ಬಂದಿದೆ."

"ಹೌದು ಮಗಳೇ. ಜೋಪಾನವಾಗಿ ನಾನೇ ಇಟ್ಟಿದ್ದೆ."

ಅವಳು ಗಡಿಯಾರದವರ ಮಗನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಹತ್ತಕ್ಕೆ ಅಲ್ಲಿರಬೇಕು. ಇವತ್ತು ಸಂಜೆ ಆರೂವರೆಗೇ ಬಸ್ಸು," ಎಂದಳು. ಲಕೋಟೆ ಕೈಯಿಂದ ಜಾರಿ ಬಿತ್ತು. ಹುಡುಗ ಎದ್ದು ಮೊಪೆಡ್ಡಿನ ಕೀ ಹುಡುಕುತ್ತ ಬಾಗಿಲಿಗೆ ಓಡಿದ, ಅವಳು ಅವನ ಹಿಂದೆ ಓಡಿದಳು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸಾಹೇಬರು ಬಾಗಿ ವಂದಿಸಿದರು.

"ಓಡಿಹೋದ್ರು," ಎಂದ ದರ್ಜಿ.

"ಯಾಕೆ ಓಡ್ತಾರೆ? ನಾವು ಒಪ್ಪಿದ್ದೀವಲ್ಲ," ಎಂದರು ಗಡಿಯಾರದವರು.

"ಒಪ್ಪಿದ ಮೇಲೂ ಓಡೋದು ಯಾವ ನೀತಿ ಸಾಹೇಬ್ರೆ?"

ಸಾಹೇಬರು ಗೈಡು ತಿರುವಿದರು. ಅಂಥದ್ದು ಆರು ಪುಟದಲ್ಲಿ ಇರಲಿಲ್ಲ. ಅಷ್ಟರಲ್ಲಿ ಮುಖ್ಯೋಪಾಧ್ಯಾಯಿನಿ ಬಿದ್ದ ಲಕೋಟೆ ಎತ್ತಿ, ದೀಪಕ್ಕೆ ಹಿಡಿದು, ಮಸಿಯ ಕೆಳಗಿನ ಅಕ್ಷರಗಳನ್ನು ಹಳೆಯ ಅಭ್ಯಾಸದಂತೆ ಬಿಡಿಸಿ ಬಿಡಿಸಿ ಓದಿದರು. "ಪ್ರಶಿಕ್ಷಣಾಧಿಕಾರಿ. ಭೂಮಾಪನ ಶಾಲೆ. ನಿಮ್ಮ ಮಗಳಿಗೆ ತರಬೇತಿಗೆ ಸೀಟು ಸಿಕ್ಕಿದೆ ಕಣ್ರೀ ದರ್ಜಿ. ಇವರು ನಾಲ್ಕು ದಿನ ಪುಸ್ತಕದೊಳಗೆ ಒಣಗಿಸಿದ್ದಾರೆ."

ಅಪ್ಪಂದಿರಿಬ್ಬರೂ ಸಾಹೇಬರೂ ಒಂದೇ ಆಟೋದಲ್ಲಿ ಒಬ್ಬರ ಮೇಲೊಬ್ಬರು ಕೂತು ಬಸ್ ನಿಲ್ದಾಣ ತಲುಪಿದಾಗ ಬಸ್ಸಿನ ಎಂಜಿನ್ ಗುರುಗುಟ್ಟುತ್ತಿತ್ತು. ಹುಡುಗಿ ಕಿಟಕಿಯ ಸೀಟಿನಲ್ಲಿದ್ದಳು. ಕೈಯಲ್ಲಿ ಕಾಗದ ಬಿಟ್ಟರೆ ಬೇರೇನೂ ಇರಲಿಲ್ಲ.

"ಒಂಬತ್ತು ತಿಂಗಳು ಕಲಿಯೋದಿದೆ ಅಪ್ಪ. ಆಮೇಲೆ ಕೆಲಸ. ಮೊದಲೇ ಹೇಳಿದ್ರೆ ಬೇಡ ಅಂತೀಯ ಅಂತ ಹೇಳಲಿಲ್ಲ," ಎಂದಳು. "ಈಗ ಬೇಡ ಅಂದ್ರೆ ಇಳಿದುಬಿಡ್ತೀನಿ."

ದರ್ಜಿ ಆ ವಾರವಿಡೀ ಮಗಳ ಗೋರಿಯ ಮುಂದೆ ಕೂತಿದ್ದವನು. ಊಟಕ್ಕೆ ಕೂತಾಗಲೂ ಹೊಲಿಯುವಾಗಲೂ ಅವನಿಗೆ ಅದೇ ಕಾಣುತ್ತಿತ್ತು. ಈಗ ಮಗಳು ಕಿಟಕಿಯಲ್ಲಿ ಗಟ್ಟಿಮುಟ್ಟಾಗಿ ಕೂತು ಪರವೂರಿಗೆ ಹೋಗುತ್ತೇನೆ ಎನ್ನುತ್ತಿದ್ದಳು.

"ಅಷ್ಟೇನಾ?" ಎಂದ. "ಬರೀ ಪರವೂರಾ?" ಜೇಬು ತಡವಿ ಸಿಕ್ಕಷ್ಟನ್ನು ಅವಳ ಕೈಗೆ ತುರುಕಿದ. ಅದು ಸಾಲದೆನಿಸಿ, ಕುತ್ತಿಗೆಗೆ ಸದಾ ಹಾಕಿಕೊಂಡಿರುತ್ತಿದ್ದ ಅಳತೆ ಟೇಪನ್ನು ತೆಗೆದು ಕೊಟ್ಟ. "ಅಲ್ಲೂ ಅಳೆಯೋ ಕೆಲಸಾನೇ ತಾನೇ. ಇಟ್ಕೋ. ಇಳೀಬೇಡ."

ಬಸ್ಸು ಹೊರಟಿತು. ಧೂಳು ಅಡಗುವ ಮೊದಲೇ ಗಡಿಯಾರದವರು ಬಾಯಿ ತೆರೆದರು. "ಹಾಗಾದ್ರೆ ಮದುವೆ?"

"ಯಾವ ಮದುವೆ? ನನ್ನ ಮಗಳಿಗೆ ನಿಮ್ಮ ಹುಡುಗನ ಮೇಲೆ ಮನಸ್ಸೇ ಇಲ್ವಲ್ಲ."

"ಇಲ್ಲ ಅಂದ್ರೆ? ನನ್ನ ಮಗನಲ್ಲಿ ಏನು ಕಮ್ಮಿ?"

"ಏನು ಕಮ್ಮಿ ಅಂತ ನಿಮ್ಮ ತಾರಸಿ ಪೈಪು ನೋಡಿದ್ರೇ ತಿಳಿಯುತ್ತೆ."

ಮದುವೆ ಬೇಡವೆಂದು ಮಕ್ಕಳು ಅತ್ತಾಗ ಯಾರೂ ಕೇಳಲಿಲ್ಲ. ಈಗ ಬೇಡವೆಂದದ್ದು ಅವಮಾನವಾಗಿ ಹೋಯಿತು. ಇಬ್ಬರೂ ಅಂಗಿಯ ತೋಳು ಮಡಿಸುವ ಹಂತಕ್ಕೆ ಬಂದಾಗ ಮೊಪೆಡ್ಡಿನ ಪಕ್ಕ ನಿಂತಿದ್ದ ಹುಡುಗ ಜೇಬಿನಿಂದ ಒಂದು ಮಡಿಸಿದ ಚೀಟಿ ತೆಗೆದು ಇಬ್ಬರ ನಡುವೆ ಹಿಡಿದ. "ಸುಮ್ನಿರಿ ಇಬ್ರೂ. ನಾವು ತಾರಸೀಲಿ ಮಾಡ್ತಿದ್ದದ್ದು ಇದನ್ನೇ, ಅಳತೆ. ಲೆಕ್ಕ ಎಲ್ಲಾ ಇದರಲ್ಲಿದೆ. ನಮ್ಮ ತಾರಸಿ ನೀರು ನಿಮ್ಮ ಕಡೆ ಬರಲ್ಲ, ನಿಮ್ಮದು ನಮ್ಮ ಕಡೆ ಬರಲ್ಲ. ಎರಡೂ ಇಳಿಜಾರು ಇರೋದು ಸಾಹೇಬರ ಅಡುಗೆಮನೆ ಗೋಡೆ ಕಡೆಗೆ."

ಇಬ್ಬರೂ ಚೀಟಿ ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ ಸಾಹೇಬರನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಗೈಡಿನ ನೆರವಿಲ್ಲದೆ ಆ ಇಬ್ಬರಿಗೂ ಒಂದೇ ಅಭಿಪ್ರಾಯ ಬಂದದ್ದು ಅದೇ ಮೊದಲು. ಅಲ್ಲಿ ನಡೆದ ಮಾತುಗಳನ್ನು ಅಚ್ಚು ಹಾಕುವಂತಿಲ್ಲ. ಸಾಹೇಬರು ಮನೆಗೆ ನಡೆದುಕೊಂಡು ಬಂದರು, ಆಟೋದಲ್ಲಿ ಜಾಗ ಕೊಡಲಿಲ್ಲ.

ಮುಂದಿನ ವಾರ ಪೋಸ್ಟ್ ಮಾಸ್ಟರ್ ಮೇಡಂ ಲಿಖಿತ ವಿವರಣೆ ಕೇಳಿದರು. ರಿಜಿಸ್ಟರ್ ಪತ್ರ ನಾಲ್ಕು ದಿನ ತಡವಾದದ್ದೇಕೆ? ಸಾಹೇಬರು ಹನ್ನೊಂದು ಪುಟ ಬರೆದರು. ಮೇಡಂ ಕೊನೆಯ ತನಕ ಓದಿ ಕನ್ನಡಕ ತೆಗೆದಿಟ್ಟರು.

"ಆ ನಾಟಕ ನೀವು ಓದಿದ್ದೀರಾ?"

"ಅದರ ಗೈಡು, ಮೇಡಂ."

"ಪೂರ್ತಿ?"

"ಆರು ಪುಟ."

"ನಾನು ಓದಿದ್ದೀನಿ. ಅದರಲ್ಲಿ ಸತ್ತವರ ಲೆಕ್ಕ ಎಲ್ಲರೂ ಇಡ್ತಾರೆ. ಒಳ್ಳೇದು ಮಾಡ್ತೀನಿ ಅಂತ ಹೋಗಿ ಕೆಡಿಸಿದವರ ಲೆಕ್ಕ ಯಾರೂ ಇಡಲ್ಲ," ಎಂದು ಮೇಡಂ ಆದೇಶಕ್ಕೆ ಸಹಿ ಹಾಕಿದರು. ಸಾಹೇಬರನ್ನು ಕಿಟಕಿಯಿಂದ ಎಬ್ಬಿಸಿ ಹಿಂದಿನ ಕೋಣೆಗೆ ಹಾಕಿದರು. ಅಲ್ಲಿ ಟಪಾಲು ಚೀಲಗಳ ಬಾಯಿ ಕಟ್ಟಿ ಅರಗು ಒತ್ತುವ ಕೆಲಸ. ಜನರ ಜೊತೆ ಮಾತಿಲ್ಲ.

ಒಂದು ತಿಂಗಳ ಮೇಲೆ ಆ ಕೋಣೆಯ ಬಾಗಿಲಲ್ಲಿ ಗಡಿಯಾರದವರ ಮಗ ಬಂದು ನಿಂತ. ಕೈಯಲ್ಲಿ ರಿಜಿಸ್ಟರ್ ರಸೀದಿ ಇತ್ತು.

"ಅವಳಿಗೆ ಪತ್ರ ಬರೆದಿದ್ದೀನಿ ಮಾಮ," ಎಂದ. "ಬೀದಿಯವರೆಲ್ಲ ಹೇಳಿ ಹೇಳಿ, ಆ ವಾರ ನನಗೂ ಹಾಗೇ ಅನ್ನಿಸೋಕೆ ಶುರುವಾಗಿತ್ತು. ಬಸ್ಸು ಹತ್ತಿಸೋವಾಗ ಅವಳಿಗೆ ಹೇಳಿದೆ."

ಸಾಹೇಬರ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. "ಏನಂದ್ಲು?"

"ಇದು ನಿನ್ನ ಮಾತೋ ಬೀದಿ ಮಾತೋ ಮೊದಲು ನೋಡ್ಕೋ, ನೋಡ್ಕೊಂಡು ಬರಿ ಅಂದ್ಲು. ಒಂದು ತಿಂಗಳು ನೋಡ್ಕೊಂಡೆ." ಹುಡುಗ ನೆಲ ನೋಡಿದ. "ನನ್ನದೇ ಮಾತು."

ಸಾಹೇಬರ ಮುಖ ಅರಳಿತು. ಹೇಳಲು ಎಷ್ಟೋ ಮಾತು ನಾಲಿಗೆ ತುದಿಗೆ ಬಂದವು. ಬಾಯಿ ತೆರೆದರು. ಹುಡುಗ ತಲೆ ಎತ್ತಿ ಅವರನ್ನೇ ನೋಡಿದ. ಅವರು ಬಾಯಿ ಮುಚ್ಚಿಕೊಂಡರು.

"ಪತ್ರ ಯಾವ ಚೀಲದಲ್ಲಿದೆ?" ಎಂದ ಹುಡುಗ.

ಸಾಹೇಬರು ತೋರಿಸಿದರು.

"ಕಟ್ಟಿ. ನಾನು ಇಲ್ಲೇ ನಿಂತಿರ್ತೀನಿ."

ಸಾಹೇಬರು ಕಟ್ಟಿದರು. ದಾರ ಮೂರು ಸುತ್ತು ಸುತ್ತಿ, ಗಂಟು ಹಾಕಿ, ಅರಗು ಕರಗಿಸಿ ಬಿಟ್ಟು, ಒಂದೇ ಸಲ ಒತ್ತಿದರು. ಹುಡುಗ ಅರಗು ಆರುವ ತನಕ ನಿಂತ. ಚೀಲವನ್ನು ವ್ಯಾನಿಗೆ ಏರಿಸುವಾಗ ಜೊತೆಗೇ ಹೊರಗೆ ಹೋದ. ವ್ಯಾನು ಬೀದಿಯ ತಿರುವು ದಾಟುವ ತನಕ ನೋಡುತ್ತ ನಿಂತಿದ್ದು, ಆಮೇಲೆ ಅಂಗಡಿ ತೆರೆಯಲು ಹೊರಟ.